ನಾಕೆಯ ಮುಂದಿನ ನಗೆ

ನಗೆಯ ಚರಿತ್ರೆಯನ್ನು ಬರೆಯುವುದು ಕಷ್ಟದ ಕೆಲಸ. ಅರಸರ ಯುದ್ಧಗಳಿಗೆ ಶಾಸನಗಳುಂಟು, ಬರಗಾಲಗಳಿಗೆ ಸರಕಾರದ ಕಡತಗಳುಂಟು. ಒಂದು ಊರಿನ ಜನ ಒಂದು ಸಂಜೆ ಏಕೆ ನಕ್ಕರು ಎಂಬುದಕ್ಕೆ ಯಾರೂ ದಾಖಲೆ ಇಡುವುದಿಲ್ಲ. ಆದರೆ ಎರಡನೆಯ ಮಹಾಯುದ್ಧ ಮುಗಿದ ನಂತರದ ಕಾಲು ಶತಮಾನದ ಮಟ್ಟಿಗೆ ನಮಗೆ ಅಂತಹ ದಾಖಲೆ ದೊರೆಯುತ್ತದೆ. ಅದು ಚಲಚ್ಚಿತ್ರ. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಕೆಲವು ಹಾಸ್ಯಚಿತ್ರಗಳನ್ನೂ, ಅದೇ ಕಾಲದಲ್ಲಿ ಕನ್ನಡಿಗರನ್ನು ನಗಿಸಿದ ನಮ್ಮ ಕಲಾವಿದರನ್ನೂ ಇಂದು ಒಟ್ಟಿಗೆ ನೆನೆಯಬೇಕೆಂದಿದ್ದೇನೆ. ಇವುಗಳನ್ನು ನಾನು ನೋಡಿದ್ದು ನನ್ನ ಸೀಮೆಯ ಕಿಟಕಿಯಿಂದ. ಅಂದರೆ ಹಿಂದಿನ ಬಿಜಾಪುರ, ಈಗಿನ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ. ಆದಕಾರಣ ಮೊದಲು ನಮ್ಮ ಮನೆಯ ಒಂದು ಕಥೆಯನ್ನೇ ಹೇಳುತ್ತೇನೆ.

ನನ್ನ ತಾಯಿಯ ತಾಯಿ ಸಿಂದಗಿ ತಾಲೂಕಿನವಳು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅವಳ ತಂಗಿಯ ಮಗಳ ಮದುವೆ ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ನಡೆಯಿತು. ಬಂಡಿ ಕಟ್ಟಿಕೊಂಡು ಒಂದು ದಿನದಲ್ಲಿ ಮುಟ್ಟುವ ದಾರಿ. ಆದರೆ ಆ ದಾರಿಯ ನಡುವೆ ಒಂದು ಗಡಿಯಿತ್ತು. ಸಿಂದಗಿ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ ಜೇವರ್ಗಿ ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಗಡಿಯಲ್ಲಿ ಕರೋಡಗಿರಿ ನಾಕೆ. ಎಂದರೆ ಸಂಸ್ಥಾನದ ಸುಂಕದ ಕಟ್ಟೆ. ಆಚೆಗೆ ಹೋಗುವ ಸಾಮಾನಿಗೆ ಸುಂಕ, ಈಚೆಗೆ ಬರುವ ಸಾಮಾನಿಗೂ ಸುಂಕ. ನಾಣ್ಯವೂ ಬೇರೆ. ಅಲ್ಲಿಯ ಹಾಲಿ ಸಿಕ್ಕಾದ ಏಳು ರೂಪಾಯಿ ನಮ್ಮ ಬ್ರಿಟಿಷ್ ಸರಕಾರದ ಆರು ರೂಪಾಯಿಗೆ ಸಮ. ಒಂದೇ ಮನೆಯ ಅಕ್ಕತಂಗಿಯರು ಉಡಿ ತುಂಬಿಸಿಕೊಳ್ಳಬೇಕಾದರೂ ಲೆಕ್ಕ ಹಾಕಬೇಕಾದ ಕಾಲ ಅದು.

ಬಟ್ಟೆ ಕಂಟ್ರೋಲಿನಲ್ಲಿ ಸಿಕ್ಕುವ ದಿನಗಳವು. ಅಜ್ಜಿ ಹೇಗೋ ಕೂಡಿಸಿಟ್ಟ ಒಂದು ಹೊಸ ಇಳಕಲ್ ಸೀರೆಯನ್ನು ಮದುಮಗಳಿಗೆ ಒಯ್ಯಬೇಕಾಗಿತ್ತು. ಉಟ್ಟ ಬಟ್ಟೆಗೆ ಸುಂಕವಿಲ್ಲವೆಂಬುದು ಅವಳ ತಿಳಿವಳಿಕೆ. ಆದುದರಿಂದ ಹೊಸ ಸೀರೆಯನ್ನು ಒಳಗೆ ಉಟ್ಟು, ಹಳೆಯದನ್ನು ಅದರ ಮೇಲೆ ಉಟ್ಟು ಬಂಡಿ ಹತ್ತಿದಳು. ಹದಿನೆಂಟು ಮೊಳದ ಎರಡು ಸೀರೆ! ನಾಕೆಯ ಸಿಪಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಉರ್ದುವಿನಲ್ಲಿ ಏನೋ ಕೇಳಿದನಂತೆ. ಅಜ್ಜಿಗೆ ಉರ್ದು ಬಾರದು, ಆದರೆ ಪ್ರಶ್ನೆ ತಿಳಿಯಿತು. "ಮದವಿ ಊಟಕ್ಕ ಹೊಂಟೀನ್ರಿ ಸಾಹೇಬ್ರ. ಉಣ್ಣೂದಕ್ಕ ಮೊದಲ ದಪ್ಪ ಆದರ ನಿಮಗೇನ್ ನಷ್ಟ?" ಎಂದಳಂತೆ. ಅವನಿಗೆ ಕನ್ನಡ ಎಷ್ಟು ಬರುತ್ತಿತ್ತೋ ತಿಳಿಯದು. ನಕ್ಕು ಕೈ ಬೀಸಿ ಬಂಡಿಯನ್ನು ಬಿಟ್ಟನಂತೆ. ಈ ಕಥೆಯನ್ನು ಅಜ್ಜಿ ನೂರು ಸಲ ಹೇಳಿದ್ದಾಳೆ, ನಾವು ನೂರು ಸಲ ನಕ್ಕಿದ್ದೇವೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ನಮ್ಮ ಸೀಮೆಯ ನಕ್ಷೆಯನ್ನು ತೆಗೆದು ನೋಡಿರಿ. ಇಂಡಿಯ ಪಡುವಣಕ್ಕೆ ಜತ್ತ ಸಂಸ್ಥಾನ, ಭೀಮೆಯ ಆಚೆ ದಡದ ಅಫಜಲಪುರ ನಿಜಾಮರದು. ಸಿಂದಗಿಯ ಮೂಡಣಕ್ಕೆ ಜೇವರ್ಗಿ. ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿದರೆ ಲಿಂಗಸೂಗೂರು. ತಾಳಿಕೋಟಿಯಿಂದ ಮೂಡಲಿಗೆ ನಡೆದರೆ ಸುರಪುರದ ಸೀಮೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯೊಂದೇ ನಡುವೆ ಕುಳಿತಿದೆ. ಉಳಿದ ಮೂರೂ ತಾಲೂಕುಗಳು ಪರರಾಜ್ಯವನ್ನು ಹಿತ್ತಲಲ್ಲಿಟ್ಟುಕೊಂಡೇ ಬದುಕಿದವು. ನೀರು ಒಂದೇ, ಮಾತು ಒಂದೇ, ದೇವರು ಒಂದೇ. ಕಾಗದ ಮಾತ್ರ ಬೇರೆ.

ಈಗ ಸಮುದ್ರದಾಚೆಗೆ ಹೋಗೋಣ. 1980ರ ದಶಕದ ಮೊದಲ ವರ್ಷಗಳಲ್ಲಿ ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಗ, ಗೆಳೆಯರ ಒಂದು ಚಿತ್ರಕೂಟದಲ್ಲಿ, ತಗಡಿನ ಡಬ್ಬಿಗಳಲ್ಲಿ ಬಂದ ಸುರುಳಿಗಳನ್ನು ಗೋಡೆಗೆ ಕಟ್ಟಿದ ಬಿಳಿಯ ಬಟ್ಟೆಯ ಮೇಲೆ ತೋರಿಸುತ್ತಿದ್ದರು. ಅಲ್ಲಿ ಒಂದು ರಾತ್ರಿ ಕಂಡ ಚಿತ್ರ 'ಪಾಸ್‌ಪೋರ್ಟ್ ಟು ಪಿಮ್ಲಿಕೊ'. 1949ರಲ್ಲಿ ಲಂಡನ್ನಿನ ಈಲಿಂಗ್ ಸ್ಟುಡಿಯೊ ತಯಾರಿಸಿದ ಚಿತ್ರ. ಬರೆದವರು ಟಿ.ಇ.ಬಿ. ಕ್ಲಾರ್ಕ್, ನಿರ್ದೇಶಿಸಿದವರು ಹೆನ್ರಿ ಕಾರ್ನೀಲಿಯಸ್. ಕಥೆ ಸರಳ. ಯುದ್ಧಕಾಲದಲ್ಲಿ ಬಿದ್ದು ಸಿಡಿಯದೆ ಉಳಿದಿದ್ದ ಒಂದು ಬಾಂಬು ಲಂಡನ್ನಿನ ಒಂದು ಓಣಿಯಲ್ಲಿ ಸಿಡಿಯುತ್ತದೆ. ಗುಂಡಿಯಲ್ಲಿ ನಿಧಿಯೂ ಒಂದು ಹಳೆಯ ಸನ್ನದೂ ದೊರೆಯುತ್ತವೆ. ಆ ಓಣಿಯ ನೆಲವನ್ನು ನಾಲ್ಕನೆಯ ಎಡ್ವರ್ಡ್ ದೊರೆ ಬರ್ಗಂಡಿಯ ಡ್ಯೂಕನಿಗೆ ಕೊಟ್ಟಿದ್ದನೆಂದು ಸನ್ನದು ಹೇಳುತ್ತದೆ. ಅಂದ ಮೇಲೆ ಓಣಿಯವರು ಇಂಗ್ಲೆಂಡಿನ ಪ್ರಜೆಗಳೇ ಅಲ್ಲ! ಅವರು ರೇಷನ್ ಪುಸ್ತಕಗಳನ್ನು ಹರಿದೊಗೆಯುತ್ತಾರೆ. ಸರಕಾರ ಸುತ್ತಲೂ ತಂತಿಬೇಲಿ ಹಾಕಿ ಸುಂಕದ ಕಟ್ಟೆ ಇಡುತ್ತದೆ. ಓಣಿಯವರು ತಾವೂ ಸುಂಕದವರಾಗಿ, ನೆಲದಡಿಯ ರೈಲುಗಾಡಿಯನ್ನು ನಿಲ್ಲಿಸಿ ಪ್ರಯಾಣಿಕರ ತಪಾಸಣೆ ಮಾಡುತ್ತಾರೆ. ನೀರು ಅನ್ನಗಳಿಗೆ ತೊಂದರೆಯಾದಾಗ ನೆರೆಯ ಲಂಡನ್ನಿಗರು ಬೇಲಿಯ ಮೇಲಿಂದ ತಿನಿಸುಗಳನ್ನು ಎಸೆಯುತ್ತಾರೆ. ಕೊನೆಗೆ ರಾಜಿಯಾಗಿ, ಓಣಿ ಮರಳಿ ಇಂಗ್ಲೆಂಡಿಗೆ ಸೇರುತ್ತದೆ. ರೇಷನ್ ಪುಸ್ತಕಗಳು ಮರಳಿ ಕೈಗೆ ಬರುತ್ತವೆ. ಆ ಕ್ಷಣಕ್ಕೆ ಸರಿಯಾಗಿ ಮಳೆ ಸುರಿಯತೊಡಗುತ್ತದೆ.

ಸುಂಕದ ಕಟ್ಟೆಯ ದೃಶ್ಯ ಬಂದಾಗ ನಾನೊಬ್ಬನೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕೆ. ಪಕ್ಕದವರು ತಿರುಗಿ ನೋಡಿದರು. ಅವರಿಗೆ ಅದು ಕಲ್ಪನೆಯ ಆಟ; ನನಗೆ ಅಜ್ಜಿಯ ಇಳಕಲ್ ಸೀರೆ.

ಈ ಚಿತ್ರಗಳ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಯುದ್ಧವನ್ನು ಗೆದ್ದ ಇಂಗ್ಲೆಂಡು ಗೆದ್ದ ಮೇಲೆಯೂ ಅರೆಹೊಟ್ಟೆಯಲ್ಲಿತ್ತು. ಯುದ್ಧಕಾಲದಲ್ಲೂ ಅಳತೆಗೆ ಒಳಪಡದಿದ್ದ ರೊಟ್ಟಿ 1946ರಿಂದ 1948ರವರೆಗೆ ರೇಷನ್ನಿಗೆ ಬಂದಿತು. ಮಾಂಸದ ರೇಷನ್ನು ಮುಗಿದದ್ದು 1954ರಲ್ಲಿ. ಈಲಿಂಗ್ ಸ್ಟುಡಿಯೊದ ಯಜಮಾನ ಮೈಕೆಲ್ ಬಾಲ್ಕನ್ ಈ ಸಣ್ಣ ಮನುಷ್ಯರ ಕಷ್ಟದಲ್ಲಿಯೇ ನಗೆಯ ಸೆಲೆಯನ್ನು ಕಂಡರು. ಅವರ ಬಳಿ ಬರಹಗಾರರೂ ನಿರ್ದೇಶಕರೂ ಸಂಬಳದ ಮೇಲೆ ಇದ್ದು, ಒಂದು ಮೇಜಿನ ಸುತ್ತ ಕುಳಿತು ಒಬ್ಬರ ಕಥೆಯನ್ನು ಇನ್ನೊಬ್ಬರು ತಿದ್ದುತ್ತಿದ್ದರು. 1949ರ ಒಂದೇ ವರ್ಷದಲ್ಲಿ ಅಲ್ಲಿಂದ ಮೂರು ಹಾಸ್ಯಚಿತ್ರಗಳು ಹೊರಬಂದವು. ಒಂದನ್ನು ಆಗಲೇ ಹೇಳಿದೆ. ಇನ್ನೊಂದು 'ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್'. ಅದರಲ್ಲಿ ಅಲೆಕ್ ಗಿನ್ನೆಸ್ ಎಂಬ ನಟ ಒಂದೇ ಮನೆತನದ ಎಂಟು ಜನರ ಪಾತ್ರಗಳನ್ನು ತಾನೊಬ್ಬನೇ ಮಾಡಿದ್ದಾನೆ. ಮೂರನೆಯದು 'ವಿಸ್ಕಿ ಗಲೋರ್'. 1941ರಲ್ಲಿ ಸ್ಕಾಟ್ಲೆಂಡಿನ ಪಡುವಣ ದ್ವೀಪಗಳ ಬಳಿ ಮದ್ಯದ ಸೀಸೆಗಳನ್ನು ಹೊತ್ತ ಹಡಗೊಂದು ನಿಜವಾಗಿಯೂ ಬಂಡೆಗೆ ಬಡಿದಿತ್ತು. ಮದ್ಯಕ್ಕೆ ಬರ ಬಂದಿದ್ದ ದ್ವೀಪದವರು ಅದನ್ನು ದೇವರ ಪ್ರಸಾದವೆಂದು ಬಗೆದು ಮನೆಗೆ ಸಾಗಿಸಿ, ಅಧಿಕಾರಿಗಳು ಬಂದಾಗ ಬಚ್ಚಿಟ್ಟರು. ಕಾಂಪ್ಟನ್ ಮೆಕೆಂಝಿ ಇದನ್ನು ಕಾದಂಬರಿಯಾಗಿಸಿದರು. ಅಲೆಕ್ಸಾಂಡರ್ ಮೆಕೆಂಡ್ರಿಕ್ ತಮ್ಮ ಮೊದಲ ಚಿತ್ರವಾಗಿ ಅದನ್ನು ಬಾರಾ ಎಂಬ ದ್ವೀಪಕ್ಕೇ ಹೋಗಿ ಚಿತ್ರಿಸಿದರು. ದ್ವೀಪದ ಜನರೇ ಅದರಲ್ಲಿ ಕಾಣಿಸಿಕೊಂಡರು.

ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ಅದೇ 1949ರಲ್ಲಿ ನಮ್ಮ ಮುಂಬಯಿ ಪ್ರಾಂತವು ಪಾನನಿಷೇಧದ ಕಾಯ್ದೆಯನ್ನು ಮಾಡಿತು. ಮರುವರ್ಷ ಏಪ್ರಿಲ್‌ನಿಂದ ಅದು ಪೂರ್ತಿಯಾಗಿ ಜಾರಿಗೆ ಬಂದಿತು. ಆದರೆ ನಮ್ಮ ಹಿತ್ತಲ ಬೇಲಿಯಾಚೆಯ ಹೈದರಾಬಾದ್ ರಾಜ್ಯಕ್ಕೆ ಸೇಂದಿ ಸರಾಯಿಗಳ ಅಬಕಾರಿಯೇ ಒಂದು ದೊಡ್ಡ ಆದಾಯ. ಭೀಮೆಯ ಒಂದು ದಡ ಒಣಗಿತ್ತು, ಇನ್ನೊಂದು ದಡ ಹಸಿಯಾಗಿತ್ತು. ಅಂತಹ ನದಿಯನ್ನು ದಾಟಲು ಜನರು ಎಷ್ಟು ನೆಪಗಳನ್ನು ಹುಡುಕಿದ್ದಾರು ಎಂಬುದನ್ನು ಕೇಳುಗರೇ ಊಹಿಸಬಹುದು. ಸ್ಕಾಟ್ಲೆಂಡಿನ ದ್ವೀಪದಲ್ಲಿ ನಡೆದ ಹಾಸ್ಯಕ್ಕೆ ಬೇಕಾದ ಸಾಮಗ್ರಿಯೆಲ್ಲ ನಮ್ಮ ಅಂಗಳದಲ್ಲಿಯೂ ಬಿದ್ದಿತ್ತು.

ಹಾಗಿದ್ದರೆ ನಮ್ಮ ಸೀಮೆಯ ನಗೆ ನಮ್ಮ ಪರದೆಯ ಮೇಲೆ ಏಕೆ ಬರಲಿಲ್ಲ? ನನ್ನ ಇಂದಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲ ಕಾರಣ, ನಮ್ಮ ನಗಿಸುವವರಿಗೆ ಮನೆಯೇ ಇರಲಿಲ್ಲ. ಇಂಗ್ಲೆಂಡಿನವರಿಗೆ ಈಲಿಂಗ್ ಇತ್ತು. ಕನ್ನಡದ ಕಲಾವಿದರು ಮದರಾಸಿನ ಸ್ಟುಡಿಯೊಗಳಲ್ಲಿ ಬಾಡಿಗೆಯ ನೆರಳಲ್ಲಿ ನಿಂತವರು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಿತು. ಎಚ್.ಎಲ್.ಎನ್. ಸಿಂಹರು ನಿರ್ದೇಶಿಸಿದ ಆ ಚಿತ್ರದಿಂದ ರಾಜಕುಮಾರರು ನಾಯಕರಾದರು. ನರಸಿಂಹರಾಜು ಕನ್ನಡದ ಹಾಸ್ಯಚಕ್ರವರ್ತಿಯಾಗುವ ಹಾದಿ ಹಿಡಿದರು. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು ಮಗುವಾಗಿದ್ದಾಗಲೇ ನಾಟಕ ಕಂಪನಿಯ ರಂಗಕ್ಕೆ ಬಂದವರು. ಅವರ ಜೊತೆಗಾರ ಬಾಲಕೃಷ್ಣ ಅರಸೀಕೆರೆಯವರು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿಗಿರುವವರ ತುಟಿಯ ಚಲನೆಯನ್ನು ನೋಡಿ ತಮ್ಮ ಮಾತಿನ ಸರದಿಯನ್ನು ಹಿಡಿಯುತ್ತಿದ್ದ ಆ ನಟ ನೂರಾರು ಚಿತ್ರಗಳಲ್ಲಿ ಒಂದು ಕ್ಷಣವೂ ತಾಳ ತಪ್ಪಲಿಲ್ಲ.

ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು ತಯಾರಾಗುತ್ತಿದ್ದ ಆ ದಿನಗಳಲ್ಲಿ ಈ ಇಬ್ಬರು ಹಾಸ್ಯನಟರು ರಾಜಕುಮಾರರೊಡನೆಯೂ ಜಿ.ವಿ. ಅಯ್ಯರರೊಡನೆಯೂ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ನಾಟಕಗಳನ್ನಾಡುತ್ತ ಊರೂರು ಸುತ್ತಿದರು. 1960ರಲ್ಲಿ 'ರಣಧೀರ ಕಂಠೀರವ'ವನ್ನು ತಾವೇ ನಿರ್ಮಿಸಿದರು. ಹಾಸ್ಯಗಾರರು ಹಣ ಹಾಕಿ ಮಾಡಿದ ಚಿತ್ರ, ಆದರೆ ಹಾಸ್ಯಚಿತ್ರವಲ್ಲ; ಮೈಸೂರಿನ ಅರಸರ ಪರಾಕ್ರಮದ ಕಥೆ. ಇದನ್ನು ನಾನು ಕೊರತೆಯೆಂದು ಹೇಳುತ್ತಿಲ್ಲ. ಆಗಿನ ಕನ್ನಡಿಗನಿಗೆ ತನ್ನನ್ನು ತಾನು ನೋಡಿ ನಗುವುದಕ್ಕಿಂತ ಮೊದಲು ತಾನೂ ಒಬ್ಬನೆಂದು ಎದೆ ತಟ್ಟಿಕೊಳ್ಳುವುದು ಬೇಕಾಗಿತ್ತು. ಮುಂದೆ ಬಾಲಕೃಷ್ಣ ಬೆಂಗಳೂರಿನ ಅಂಚಿನಲ್ಲಿ ಅಭಿಮಾನ್ ಸ್ಟುಡಿಯೊ ಕಟ್ಟಲು ಹೊರಟು ದುಡಿದ ಹಣವನ್ನೆಲ್ಲ ಅದಕ್ಕೆ ಸುರಿದರು. ನಗಿಸುವವನೇ ಮನೆ ಕಟ್ಟಲು ಹೊರಟಿದ್ದನೆಂಬುದನ್ನು ನಾವು ಮರೆಯಬಾರದು.

ಎರಡನೆಯ ಕಾರಣ, ಕನ್ನಡ ಚಿತ್ರದ ಹಾಸ್ಯ ನಾಟಕ ಕಂಪನಿಯಿಂದ ಬಂದದ್ದು. ಅಲ್ಲಿ ಮುಖ್ಯ ಕಥೆ ಒಂದು ಕಡೆ, ಹಾಸ್ಯ ಇನ್ನೊಂದು ಕಡೆ. ಕಣ್ಣೀರಿನ ಎರಡು ದೃಶ್ಯಗಳ ನಡುವೆ ಪರದೆ ಬಿಟ್ಟು ಹಾಸ್ಯಗಾರ ಮುಂದೆ ಬರುತ್ತಾನೆ. ನಾಯಕ ನಗಿಸುವುದಿಲ್ಲ, ನಗಿಸುವವನು ನಾಯಕನಾಗುವುದಿಲ್ಲ. ನರಸಿಂಹರಾಜು ಇಂತಹ ಪಕ್ಕದ ಪಾತ್ರಗಳಲ್ಲಿಯೇ ನೂರಾರು ಚಿತ್ರಗಳನ್ನು ಹೊತ್ತರು. ತಾವೇ ನಡುವೆ ನಿಲ್ಲಬೇಕೆಂದು 1974ರಲ್ಲಿ ಸ್ವಂತ ನಿರ್ಮಾಣದ 'ಪ್ರೊಫೆಸರ್ ಹುಚ್ಚೂರಾಯ' ಮಾಡಿದರು. ಐದು ವರ್ಷಗಳಲ್ಲಿ ತೀರಿಕೊಂಡರು. ಪಿಮ್ಲಿಕೊದ ಓಣಿಯಲ್ಲಿ ಇಡೀ ಓಣಿಯೇ ಹಾಸ್ಯಗಾರ, ಇಡೀ ಓಣಿಯೇ ನಾಯಕ. ನಮ್ಮಲ್ಲಿ ನಗೆಯ ಹೊರೆಯನ್ನು ಒಬ್ಬ ತೆಳ್ಳನೆಯ ಮನುಷ್ಯನ ತಲೆಯ ಮೇಲೆ ಹೊರಿಸಿದೆವು.

ಮೂರನೆಯ ಕಾರಣ ನನಗೆ ಹೆಚ್ಚು ನೋವಿನದು. ಅದು ಮಾತಿನ ಕಾರಣ.

ನಮ್ಮ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ನಮ್ಮವರಿಗೆ ಪಟ್ಟಣವೆಂದರೆ ಸೊಲ್ಲಾಪುರ, ಸಿನಿಮಾ ಎಂದರೆ ಹಿಂದಿ, ಮರಾಠಿ. ನನ್ನ ಬಾಲ್ಯದಲ್ಲಿ, 1960ರ ದಶಕದ ಕೊನೆಗೆ, ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಲ್ಲಿ ಟೂರಿಂಗ್ ಟಾಕೀಜಿನ ಡೇರೆ ಬೀಳುತ್ತಿತ್ತು. ಅಜ್ಜಿಯ ಸೆರಗು ಹಿಡಿದುಕೊಂಡು ಹೋಗಿ ನೆಲದ ಮೇಲೆ ಕುಳಿತು ನರಸಿಂಹರಾಜು ಅವರನ್ನು ನೋಡಿದೆ. ಅಜ್ಜಿ ಅವರ ಮೋರೆ ಕಂಡೊಡನೆ ನಗುತ್ತಿದ್ದಳು, ಆಮೇಲೆ ನನ್ನ ಕಿವಿಯಲ್ಲಿ, "ಆ ತೆಳ್ಳನ್ನಾವ ಏನಂದನೋ?" ಎಂದು ಕೇಳುತ್ತಿದ್ದಳು. ಮೈಸೂರು ಕಡೆಯ ಮಾತಿನ ಓಟ ಅವಳಿಗೆ ಹತ್ತುತ್ತಿರಲಿಲ್ಲ. ರಾಜ್ಯ ಒಂದಾಗಿ ಹತ್ತು ವರ್ಷ ಕಳೆದಿದ್ದರೂ ನಗೆ ಇನ್ನೂ ನಾಕೆಯ ಬಳಿಯೇ ನಿಂತಿತ್ತು. ಆದರೂ ಆ ತೆಳ್ಳನೆಯ ಮನುಷ್ಯ ಮಾಡಿದ ಉಪಕಾರ ದೊಡ್ಡದು. ಅವರಿಗಾಗಿ ನಮ್ಮ ಜನ ಆ ಕಡೆಯ ಕನ್ನಡಕ್ಕೆ ಕಿವಿ ಕೊಟ್ಟರು. ನಗುತ್ತ ನಗುತ್ತ ಕಲಿತರು.

ಈ ಕಡೆಯ ಕನ್ನಡ ಆ ಕಡೆಗೆ ಹೋಯಿತೆ? ಸಾಮಗ್ರಿಗೆ ಕೊರತೆ ಇರಲಿಲ್ಲ. ಇಂಡಿ ತಾಲೂಕಿನ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಓದಿ ಬಂದು, ಧಾರವಾಡದಲ್ಲಿ ಸಂಸ್ಕೃತ ಕಲಿಸಿದ ಶ್ರೀರಂಗರು ನಮ್ಮ ಮನೆಯ ಮಾತಿನಲ್ಲಿಯೇ ಚುಚ್ಚುವ, ನಗಿಸುವ ನಾಟಕಗಳನ್ನು ಬರೆದರು. ಹುನಗುಂದ ತಾಲೂಕಿನ ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯ ಶಕುನಿಯನ್ನು ನೋಡಲು ಜನ ಹತ್ತಾರು ಮೈಲಿ ಬಂಡಿ ಹೊಡೆದುಕೊಂಡು ಬರುತ್ತಿದ್ದರು. ಶ್ರಾವಣದಲ್ಲಿ ಬಾಗೇವಾಡಿಯ ಜಾತ್ರೆಗೆ ಕಂಪನಿಗಳು ಬೀಡು ಬಿಟ್ಟರೆ ರಾತ್ರಿಯೆಲ್ಲ ನಮ್ಮ ಮಾತಿನ ನಗೆ ಕೇಳುತ್ತಿತ್ತು. ಆದರೆ ಅದೆಲ್ಲ ರಂಗದ ಮೇಲೆಯೇ ಉಳಿಯಿತು.

ಒಂದೇ ಒಂದು ಸಲ ನಮ್ಮ ಸೀಮೆಯ ಕಥೆ ಪರದೆಯನ್ನು ಗೆದ್ದಿತು. ಮುದ್ದೇಬಿಹಾಳದ ನೆರೆಯ ಅದೇ ಹುನಗುಂದ ತಾಲೂಕಿನ ಪಿ.ಬಿ. ಧುತ್ತರಗಿಯವರ ನಾಟಕವು 1974ರಲ್ಲಿ 'ಸಂಪತ್ತಿಗೆ ಸವಾಲ್' ಎಂಬ ಚಿತ್ರವಾಯಿತು. ಎ.ವಿ. ಶೇಷಗಿರಿರಾವ್ ನಿರ್ದೇಶಿಸಿದರು, ರಾಜಕುಮಾರ್, ಮಂಜುಳಾ ಅಭಿನಯಿಸಿದರು, ರಾಜಕುಮಾರರು ಎಮ್ಮೆಯ ಮೇಲೆ ಕುಳಿತು ಹಾಡಿದ ಹಾಡನ್ನು ನಾಡೆಲ್ಲ ಹಾಡಿತು. ಶ್ರೀಮಂತನ ಮಗಳ ಸೊಕ್ಕನ್ನು ಹಳ್ಳಿಯ ಹುಡುಗ ನಗುನಗುತ್ತ ಇಳಿಸುವ ಆ ಕಥೆಯಲ್ಲಿ ನಾಯಕನೇ ನಗಿಸಿದ್ದು ಗಮನಿಸತಕ್ಕ ಸಂಗತಿ. ಆದರೆ ಪರದೆಯ ಮೇಲೆ ಅವನು ಆಡಿದ್ದು ಹುನಗುಂದದ ಮಾತನ್ನಲ್ಲ. ಕಥೆ ನಾಕೆಯನ್ನು ದಾಟಿತು. ಮಾತು ಸುಂಕವಾಗಿ ಅಲ್ಲಿಯೇ ಉಳಿಯಿತು.

ಈ ಮಾತನ್ನು ನಾನು ಗ್ರಂಥಗಳಿಂದ ಕಲಿಯಲಿಲ್ಲ. ಎಂ.ಎ. ಮುಗಿಸಿ ದಕ್ಷಿಣದ ಒಂದು ಊರಿನ ಕಾಲೇಜಿನಲ್ಲಿ ಉಪನ್ಯಾಸಕನಾಗಿ ಸೇರಿದ ಮೊದಲ ದಿನ, ಪಂಪನ ಪದ್ಯವೊಂದನ್ನು ಬಿಡಿಸಿ ಹೇಳಿ, "ತಿಳೀತ್ರೀ? ಇಲ್ಲಂದ್ರ ಮತ್ತೊಮ್ಮೆ ಹೇಳತೀನಿ" ಎಂದೆ. ಇಡೀ ತರಗತಿ ನಕ್ಕಿತು. ಹುಡುಗರು ಕೆಟ್ಟವರಲ್ಲ, ಆ ಧಾಟಿಯನ್ನು ಅವರು ಕೇಳಿದ್ದು ಹಾಸ್ಯದ ಸಂದರ್ಭದಲ್ಲಿ ಮಾತ್ರ. ಅಂದಿನಿಂದ ನಾನು ನನ್ನ ಮನೆಯ ಮಾತನ್ನು ತರಗತಿಯ ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಒಳಗೆ ಹೋಗತೊಡಗಿದೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಾಗೆಯೇ ನಡೆಯಿತು. ನಿವೃತ್ತನಾದ ಮೇಲೆ ಊರಿಗೆ ಬಂದು ಮಾತನಾಡಿಸಿದರೆ, "ಏನ್ರೀ ಸರ, ಪುಸ್ತಕ ಓದಿದಂಗ ಮಾತಾಡ್ತೀರಿ" ಎಂದು ಇಲ್ಲಿಯವರು ನಕ್ಕರು. ಎರಡೂ ಕಡೆಯ ನಗೆ ನನ್ನ ಪಾಲಿಗೆ ಬಂದಿತು.

ನಗೆಯಲ್ಲಿ ಎರಡು ಬಗೆಯುಂಟು. ಒಬ್ಬರನ್ನು ನೋಡಿ ನಗುವುದು ಒಂದು, ಒಬ್ಬರೊಡನೆ ಕೂಡಿ ನಗುವುದು ಇನ್ನೊಂದು. ಈಲಿಂಗಿನವರ ದೊಡ್ಡಸ್ತಿಕೆ ಇರುವುದು ಎರಡನೆಯದರಲ್ಲಿ. ಸ್ಕಾಟ್ಲೆಂಡಿನ ದ್ವೀಪದವನ ಮಾತು ಲಂಡನ್ನಿನವನಿಗೆ ವಿಚಿತ್ರವೇ. ಆದರೆ 'ವಿಸ್ಕಿ ಗಲೋರ್' ಚಿತ್ರದಲ್ಲಿ ನಗೆಗೀಡಾಗುವವನು ಹೊರಗಿನಿಂದ ಬಂದ, ನಿಯಮದ ಪುಸ್ತಕ ಹಿಡಿದ ಅಧಿಕಾರಿ. ದ್ವೀಪದವರೊಡನೆ ಕೂಡಿಕೊಂಡು ನಾವು ಅವನನ್ನು ನೋಡಿ ನಗುತ್ತೇವೆ. ಹಾಗೆ ನಕ್ಕ ಮೇಲೆ ಆ ಮಾತು ನಮಗೆ ವಿಚಿತ್ರವಾಗಿ ಕೇಳುವುದಿಲ್ಲ. ಈಲಿಂಗಿನ ಆ ಮನೆಯೂ ಬಹುಕಾಲ ಉಳಿಯಲಿಲ್ಲ; 1955ರಲ್ಲಿ ಸ್ಟುಡಿಯೊ ಬಿ.ಬಿ.ಸಿ.ಗೆ ಮಾರಾಟವಾಯಿತು. ಆದರೆ ಒಂದು ಸಣ್ಣ ಊರಿನ ಮಾತನ್ನು ಇಡೀ ದೇಶ ಕೂಡಿ ಕೇಳುವಂತೆ ಮಾಡಬಹುದೆಂದು ಅವರು ತೋರಿಸಿಕೊಟ್ಟಿದ್ದರು.

ಆದರೂ ಒಂದು ಮಾತನ್ನು ಹೇಳದೆ ಮುಗಿಸಿದರೆ ಅಜ್ಜಿಗೆ ದ್ರೋಹವಾದೀತು. ಪಿಮ್ಲಿಕೊದ ತಂತಿಬೇಲಿಯ ಮೇಲಿಂದ ರೊಟ್ಟಿಗಳು ಹಾರಿಬಂದವು; ನಮ್ಮ ನಾಕೆಯ ಮೇಲೆ 1948ರಲ್ಲಿ ಬೇರೆಯೇ ಕಥೆ ನಡೆಯಿತು. ರಜಾಕಾರರ ಹಾವಳಿಗೆ ಅಂಜಿ ಆಚೆಯ ಹಳ್ಳಿಗಳ ಜನ ಗಂಟುಮೂಟೆ ಕಟ್ಟಿಕೊಂಡು ರಾತ್ರೋರಾತ್ರಿ ಈಚೆಗೆ ಬಂದರು. ಎರಡು ವರ್ಷಗಳ ಹಿಂದೆ ಹೊಸ ಸೀರೆ ಉಟ್ಟು ಹಸೆಯ ಮೇಲೆ ಕುಳಿತಿದ್ದ ಮದುಮಗಳು ಅದೇ ದಾರಿಯಲ್ಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಅಜ್ಜಿಯ ಮನೆಗೆ ಬಂದಳು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ಒಳನುಗ್ಗಿತು. 17ರಂದು ಎಲ್ಲ ಮುಗಿಯಿತು. ಸೈನ್ಯ ಬಂದ ಮೇಲೆ ಆಚೆಯ ಕೆಲವು ಸೀಮೆಗಳಲ್ಲಿ ಮುಸಲ್ಮಾನರ ಮನೆಗಳಿಗೂ ಸಾವು ನೋವು ಬಂದವು. ಈ ಭಾಗವನ್ನು ಹೇಳುವಾಗ ಅಜ್ಜಿ ನಗುತ್ತಿರಲಿಲ್ಲ. "ಆ ಸಿಪಾಯಿ ಎಲ್ಲಿ ಹೋದನೋ ಏನೋ. ನಕ್ಕು ಬಿಟ್ಟಿದ್ದ, ಪಾಪ" ಎಂದು ಮಾತು ಮುಗಿಸುತ್ತಿದ್ದಳು.

ಆ ಒಂದು ಮಾತಿನಲ್ಲಿ ನನಗೆ ಈಲಿಂಗಿನ ಚಿತ್ರಗಳಿಗಿಂತ ಹೆಚ್ಚಿನದು ಕಾಣುತ್ತದೆ. ಸುಂಕದವನೂ ಬಂಡಿಯವಳೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಒಂದು ಗಳಿಗೆ ಕೂಡಿ ನಕ್ಕರು. ಆ ಗಳಿಗೆಗೆ ಗಡಿ ಇರಲಿಲ್ಲ. ಇಂದು ಆ ನಾಕೆಯಿಲ್ಲ, ಹಾಲಿ ಸಿಕ್ಕಾ ಇಲ್ಲ, ಅಜ್ಜಿಯೂ ಇಲ್ಲ. ಸಿಂದಗಿಯಿಂದ ಮೋರಟಗಿಯನ್ನು ದಾಟಿ ಜೇವರ್ಗಿಗೆ ಹೋಗುವ ಬಸ್ಸು ಎಲ್ಲಿಯೂ ತಪಾಸಣೆಗೆ ನಿಲ್ಲುವುದಿಲ್ಲ. ಆ ಕಥೆಯನ್ನು ನಮ್ಮ ಹುಡುಗರಲ್ಲೊಬ್ಬರು ಚಿತ್ರವಾಗಿ ಮಾಡಿಯಾರೆಂದು ಆಸೆಪಡುತ್ತೇನೆ. ಮಾಡುವುದಾದರೆ ಅಜ್ಜಿಯ ಮಾತನ್ನು ತಿದ್ದದಿರಲಿ. ಅವಳು ಆಡಿದ್ದನ್ನು ಆಡಿದಂತೆಯೇ ಆಡಿಸಲಿ. ತಿಳಿಯದವರು ಪಕ್ಕದವರ ಕಿವಿಯಲ್ಲಿ ಕೇಳಿಕೊಂಡಾರು; ನಾವೂ ಹಾಗೆಯೇ ಕೇಳಿಕೊಂಡು ನಕ್ಕವರು.